ಹಕ್ಕಿಗಳನ್ನು ಹಾರಿಸಿದ ವಿಜಯಾ ಮುಳೆ

ದೂರದರ್ಶನ ನೋಡುತ್ತ ಬೆಳೆದವರಿಗೆ ‘ಏಕ್ ಅನೇಕ್ ಔರ್ ಏಕತಾ’ ಎಂಬ ಹಿಂದಿ ಅನಿಮೇಷನ್ ಚಿತ್ರ ನೆನಪಿರುತ್ತದೆ. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ರೆಕ್ಕೆ ಬಡಿದು ಬಲೆಯನ್ನೇ ಹೊತ್ತು ಹಾರುತ್ತವೆ. ಗೆಳೆಯರಾದ ಇಲಿಗಳು ಅದನ್ನು ಕಡಿದು ಬಿಡಿಸುತ್ತವೆ. ಹಿಂದಿ ಬಾರದ ನಮ್ಮೂರ ಮಕ್ಕಳಿಗೂ ಕಥೆ ಪೂರ್ತಿ ತಿಳಿಯುತ್ತಿತ್ತು. ಚಿತ್ರಗಳೇ ಮಾತಾಡುತ್ತಿದ್ದವು.

1974ರ ಆ ಕಿರುಚಿತ್ರದ ಹಿಂದಿದ್ದ ವಿಜಯಾ ಮುಳೆ ಅವರು ಕೊನೆಗಾಲ ಕಳೆದದ್ದು ದೆಹಲಿಯಲ್ಲಿ. 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು, ಕೇಂದ್ರ ಸರ್ಕಾರದಲ್ಲಿ ಶಿಕ್ಷಣಾಧಿಕಾರಿಯಾಗಿದ್ದವರು. ಕಚೇರಿ ಕೆಲಸದ ಜೊತೆಗೇ ಫಿಲ್ಮ್ ಸೊಸೈಟಿ ಚಳವಳಿ ಕಟ್ಟಿದರು, ಸತ್ಯಜಿತ್ ರೇ ಅವರೊಡನೆ ದುಡಿದರು. ಹಕ್ಕಿಗಳಿಗೆ ಚಲನೆ ಕೊಟ್ಟವರು ಭೀಮಸೇನ್. ನಿರ್ಮಾಣ ಫಿಲ್ಮ್ಸ್ ಡಿವಿಷನ್‌ನದು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಆ ಚಿತ್ರ ಬಂದಾಗ ವಿಜಯಾ ಅವರಿಗೆ ಐವತ್ತು ದಾಟಿತ್ತು! 2019ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಮುಖತಃ ಕಾಣುವ ಭಾಗ್ಯ ನನಗಿರಲಿಲ್ಲ. ಆದರೂ ಅವರ ಬದುಕನ್ನು ಓದುತ್ತ ಹೋದಂತೆ ಬಾಲ್ಯದ ಹೀರೋ ಎದುರಿಗೇ ಕೂತು ಮಾತಾಡಿಸಿದಂತಾಯಿತು.

ಈಗ ಅದೇ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಸರಳ ಗೆರೆ, ಚಪ್ಪಟೆ ಬಣ್ಣ, ಮಗುವಿನ ಒಂದು ಪ್ರಶ್ನೆ. ಅಷ್ಟರಲ್ಲೇ ದೇಶಕ್ಕೊಂದು ಪಾಠ. ದುಬಾರಿ ಸಾಫ್ಟ್‌ವೇರ್ ಬರಲೆಂದು, ವಯಸ್ಸು ಮೀರಿತೆಂದು ಕೈಕಟ್ಟಿ ಕೂತಿರುವ ಗೆಳೆಯರೇ, ಮಕ್ಕಳಿಗೆ ಹೇಳಲೇಬೇಕಾದ ಒಂದು ಮಾತು ನಿಮ್ಮಲ್ಲಿದ್ದರೆ ಸಾಕು. ಇವತ್ತೇ ಪೆನ್ಸಿಲ್ ಹಿಡಿಯಿರಿ. ನಮ್ಮ ಕನ್ನಡದ ಮಕ್ಕಳಿಗೂ ಅಂಥ ಏಳು ನಿಮಿಷದ ಚಿತ್ರಗಳು ಬೇಕು.