ನಾವು ಬೇಸ್‌ಬಾಲ್ ಭವಿಷ್ಯ ಹೇಳಲು ಹೋದದ್ದು

ಮೊದಲೇ ಹೇಳಿಬಿಡ್ತೀವಿ, ನಮ್ಮ ನಾಲ್ವರಲ್ಲಿ ಒಬ್ಬರೂ ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದವರಲ್ಲ. ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಐಪಿಎಲ್ ಕಪ್ ಯಾರಿಗೆ ಅಂತ ಕಂಪ್ಯೂಟರಿನಿಂದ ಹೇಳಿಸೋಣ ಎಂದು ಹೊರಟವರು ನಾವು. ಗೈಡ್ ಮೇಡಂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ, "ಐಪಿಎಲ್ ಈಗಾಗಲೇ ಆರು ಬ್ಯಾಚ್ ತಗೊಂಡಿದೆ. ಬೇರೆ ಏನಾದ್ರೂ ತನ್ನಿ" ಅಂದ್ರು. ಹಿಂದಿನ ವಾರವಷ್ಟೇ ಹಾಸ್ಟೆಲ್ಲಿನಲ್ಲಿ 'ಮನಿಬಾಲ್' ಸಿನಿಮಾ ನೋಡಿದ್ವಿ. ಬಾಯಿಗೆ ಬಂದದ್ದು ಬೇಸ್‌ಬಾಲ್. ಮೇಡಂ ಒಪ್ಪಿಬಿಟ್ರು.

ವಿಷಯ ಸಿಕ್ಕ ಮೇಲೆ ಗೊತ್ತಾಯ್ತು, ಲೆಕ್ಕದವರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ ಅಂತ. ಅಮೆರಿಕದ ಮೇಜರ್ ಲೀಗಿನಲ್ಲಿ 30 ತಂಡ, ಒಂದೊಂದಕ್ಕೂ ಸೀಸನ್ನಿಗೆ 162 ಪಂದ್ಯ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚೂಕಡಿಮೆ ದಿನಾ ಆಟ. ಶಾನ್ ಲಾಹ್ಮನ್ ಎಂಬುವರು 1871ರಿಂದ ಈಚಿನ ಅಂಕಿಅಂಶಗಳನ್ನೆಲ್ಲ ಸೇರಿಸಿ ಉಚಿತವಾಗಿ ಕೊಟ್ಟಿದ್ದಾರೆ, ಒಂದು ಸಿಎಸ್‌ವಿ ಇಳಿಸಿಕೊಂಡರೆ ಸಾಕು. ನಮ್ಮ ಊರಿನ ಬಸ್ಸಿನ ವೇಳಾಪಟ್ಟಿಯೂ ಇಷ್ಟು ಸಲೀಸಾಗಿ ಸಿಗಲ್ಲ.

ನಮ್ಮ ಕೈಗೆ ಸಿಕ್ಕ ಮೊದಲ ಆಯುಧ ಬಿಲ್ ಜೇಮ್ಸ್ ಅವರ ಸೂತ್ರ. ತಂಡ ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಅನ್ನೋದು ಸಿಗುತ್ತೆ. ಹೈಸ್ಕೂಲಿನ ಪೈಥಾಗೊರಸ್ ನೆನಪಾಗುವ ಹಾಗಿರುವುದರಿಂದ ಅದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ನಾವು ಇದನ್ನು ಹತ್ತಾರು ವರ್ಷಗಳ ತಂಡಗಳ ಮೇಲೆ ಓಡಿಸಿದ್ವಿ. ಗ್ರಾಫಿನಲ್ಲಿ ಚುಕ್ಕಿಗಳೆಲ್ಲ ಸಾಲಾಗಿ ಒಂದೇ ಗೆರೆಯ ಮೇಲೆ ಬಂದು ಕೂತವು. ಮೊದಲ ರಿವ್ಯೂನಲ್ಲಿ ಆ ಸ್ಲೈಡ್ ನೋಡಿ ಪ್ಯಾನೆಲ್‌ನವರು "ವೆರಿ ಗುಡ್" ಅಂದ್ರು. ಆವತ್ತು ರಾತ್ರಿ ಗೇಟಿನ ಹೊರಗೆ ಗೋಬಿ ತಿಂದು ಬಂದ್ವಿ.

ಇಲ್ಲಿ ಕಡೂರಿನವನ ಬಗ್ಗೆ ಹೇಳಬೇಕು. ಹೆಸರಿದೆ, ಆದರೆ ಹಾಸ್ಟೆಲ್ಲಿನಲ್ಲಿ ಎಲ್ಲರೂ ಅವನನ್ನ 'ಕಡೂರು' ಅಂತಲೇ ಕರೆಯೋದು. ಎರಡು ಬ್ಯಾಕ್ ಉಳಿಸಿಕೊಂಡು ಆಗಷ್ಟೇ ತೀರಿಸಿದ್ದ. ಕಂಪನಿಗಳು ಕೇಳುವ ಸಿಜಿಪಿಎ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದ್ದ. ಈ ಪ್ರಾಜೆಕ್ಟಿನ ಅಂಕ ನಮಗೆ ಮೂವರಿಗೂ ಬೇಕಿತ್ತು, ಅವನಿಗೆ ಬೇಕೇಬೇಕಿತ್ತು. ರಿವ್ಯೂ ಆದ ಮೂರನೇ ರಾತ್ರಿ ಎರಡು ಗಂಟೆಗೆ ನಮ್ಮ ರೂಮಿನ ಬಾಗಿಲು ತಟ್ಟಿದ.

"ಲೋ, ನಾವು 2023ರ ಗೆಲುವನ್ನ 2023ರ ರನ್ನಿನಿಂದ ಹೇಳ್ತಿದೀವಿ ಕಣ್ರೋ. ಸೀಸನ್ ಶುರುವಾಗೋಕೆ ಮುಂಚೆ ಆ ರನ್ ಯಾರ ಹತ್ರ ಇರತ್ತೆ?"

ಯಾರೂ ಮಾತಾಡಲಿಲ್ಲ. ಅವನೇ ಮುಂದುವರಿಸಿದ. "ಇದು ಭವಿಷ್ಯ ಅಲ್ಲ. ಪೋಸ್ಟ್‌ಮಾರ್ಟಂ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಪಂದ್ಯ ಮುಗಿದ ಮೇಲೆ ಸ್ಕೋರ್ ನೋಡಿ ಯಾರು ಗೆದ್ದರು ಅಂತ ಹೇಳೋಕೆ ಪೈಥಾನ್ ಯಾಕೆ ಬೇಕು? ಆದರೂ ಆ ರಾತ್ರಿ ನಾವು ಅವನಿಗೆ ಹೇಳಿದ್ದು ಬೇರೆ. "ಮೇಡಂಗೇ ಗೊತ್ತಾಗಿಲ್ಲ, ನಿಂಗ್ಯಾಕೋ? ಮಾರ್ಕ್ಸ್ ಬೇಕಿರೋದು ನಿಂಗೇ ತಾನೆ?" ಅಂದ್ವಿ. ಬರೆಯುವಾಗ ನಾಚಿಕೆ ಆಗ್ತಿದೆ, ಆದರೆ ಅಂದದ್ದು ಹೌದು. ಎರಡು ದಿನ ಅವನು ಮೆಸ್ಸಿನಲ್ಲಿ ಬೇರೆ ಟೇಬಲ್ಲಿಗೆ ಕೂತು ಊಟ ಮಾಡಿದ.

ಮೂರನೇ ದಿನ ನಾವೇ ಸೋತು ಪ್ರಯತ್ನಿಸಿ ನೋಡಿದ್ವಿ. ಈ ವರ್ಷದ ರನ್ನಿನಿಂದ ಮುಂದಿನ ವರ್ಷದ ಗೆಲುವು. ಗೆರೆಯ ಮೇಲೆ ಕೂತಿದ್ದ ಚುಕ್ಕಿಗಳೆಲ್ಲ ಅಂಗಳದಲ್ಲಿ ಅಕ್ಕಿ ಚೆಲ್ಲಿದ ಹಾಗಾದವು. ಚೆನ್ನಾಗಿ ಆಡಿದ ತಂಡ ಮುಂದಿನ ವರ್ಷ ಸ್ವಲ್ಪ ಇಳಿಯುತ್ತೆ, ಕೆಟ್ಟದಾಗಿ ಆಡಿದ್ದು ಸ್ವಲ್ಪ ಏರುತ್ತೆ, ಎಲ್ಲವೂ 162ರ ಅರ್ಧ, ಅಂದರೆ 81ರ ಕಡೆಗೆ ವಾಲುತ್ತವೆ. ಎಷ್ಟು ವಾಲುತ್ತವೆ ಅಂತ ಹಳೆಯ ಲೆಕ್ಕ ಹಾಕಿದಾಗ ಹೆಚ್ಚೂಕಡಿಮೆ ಅರ್ಧ ದಾರಿ ಬಂತು. ಹಾಗಾಗಿ ನಮ್ಮ ಹೊಸ ಮಾದರಿ ಒಂದೇ ಸಾಲಿನದ್ದು: ಹೋದ ವರ್ಷದ ಪೈಥಾಗೊರಸ್ ಗೆಲುವನ್ನು ತಗೋ, 81ರ ಕಡೆಗೆ ಅರ್ಧ ಎಳೆ. ಎಲ್ಲ ತಂಡಕ್ಕೂ ಕಣ್ಮುಚ್ಚಿ 81 ಅಂತ ಬರೆದರೆ ತಂಡಕ್ಕೆ ಸರಾಸರಿ ಹತ್ತು ಗೆಲುವಿನಷ್ಟು ತಪ್ಪುತ್ತಿತ್ತು. ನಮ್ಮದು ಅದಕ್ಕಿಂತ ಒಂದೆರಡು ಗೆಲುವು ವಾಸಿ. ಒಂದೂವರೆ ತಿಂಗಳ ದುಡಿಮೆಗೆ ಒಂದೆರಡು ಗೆಲುವು!

ಆಮೇಲೆ ತಿಳೀತು, ಈ ಕೆಲಸದಲ್ಲಿ ದೊಡ್ಡವರೂ ವಿನಯದಿಂದಲೇ ಇದ್ದಾರೆ ಅಂತ. ಟಾಮ್ ಟ್ಯಾಂಗೋ ಅನ್ನುವವರು ಆಟಗಾರರ ಭವಿಷ್ಯ ಹೇಳುವ ಒಂದು ಪದ್ಧತಿ ಮಾಡಿ, 'ಫ್ರೆಂಡ್ಸ್' ಧಾರಾವಾಹಿಯ ಕೋತಿ ಮಾರ್ಸೆಲ್‌ನ ಹೆಸರಿಟ್ಟಿದ್ದಾರೆ. ಕಳೆದ ಮೂರು ವರ್ಷಕ್ಕೆ 5, 4, 3ರ ತೂಕ, ಸರಾಸರಿಯ ಕಡೆಗೆ ಒಂದಿಷ್ಟು ಎಳೆತ, ವಯಸ್ಸಿಗೆ ಒಂದು ತಿದ್ದುಪಡಿ, ಅಷ್ಟೇ. ಯಾರೇ ಹೊಸ ಪದ್ಧತಿ ತಂದರೂ ಮೊದಲು ಈ ಕೋತಿಯನ್ನಾದರೂ ಸೋಲಿಸಬೇಕು ಅನ್ನೋದು ಅದರ ಉದ್ದೇಶ. ನೇಟ್ ಸಿಲ್ವರ್ ಕಟ್ಟಿದ 'ಪೆಕೋಟಾ' ಇದಕ್ಕಿಂತ ಎಷ್ಟೋ ಜಟಿಲ. ಅದು 2015ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ 72 ಗೆಲುವು ಕೊಟ್ಟಿತ್ತು. ಅವರು 95 ಗೆದ್ದು ವರ್ಲ್ಡ್ ಸೀರೀಸನ್ನೂ ಎತ್ತಿಕೊಂಡು ಹೋದರು. ಓದಿ ನಮಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಪೆಕೋಟಾಗೆ ಮನಸ್ಸಿನಲ್ಲೇ ಒಂದು ಚಹಾ ಕೊಡಿಸಿದ್ವಿ.

ಯಾಕೆ ಇಷ್ಟು ತಪ್ಪುತ್ತೆ ಅನ್ನೋದಕ್ಕೆ ಕಡೂರು ಒಂದು ಪುಟ್ಟ ಪ್ರೋಗ್ರಾಂ ಬರೆದ. 30 ನಾಣ್ಯ, ಒಂದೊಂದನ್ನೂ 162 ಸಲ ಚಿಮ್ಮಿಸೋದು. ಎಲ್ಲ ನಾಣ್ಯವೂ ಸಮಾನ, ಯಾವುದೂ ಶೂರ ಅಲ್ಲ. ಆದರೂ ಸ್ಟ್ಯಾಂಡರ್ಡ್ ಡೀವಿಯೇಷನ್ 6.4ರ ಹತ್ತಿರ ಬರುತ್ತೆ. ಮೂರರಲ್ಲೊಂದು ನಾಣ್ಯ 75ರಿಂದ 87ರ ಆಚೆಗೆ ಹೋಗುತ್ತೆ. ಮೂವತ್ತರಲ್ಲಿ ಮೇಲಿರುವುದು ಸಾಮಾನ್ಯವಾಗಿ 94ರ ಆಸುಪಾಸಿನಲ್ಲಿ ನಿಲ್ಲುತ್ತೆ, ಬರೀ ಅದೃಷ್ಟದಿಂದ. ತಂಡದ ನಿಜವಾದ ಶಕ್ತಿಯನ್ನು ದೇವರೇ ಬಂದು ಕಿವಿಯಲ್ಲಿ ಹೇಳಿದರೂ ಆರು ಪಂದ್ಯದಷ್ಟು ತಪ್ಪು ಮಾಮೂಲು. 162 ಪಂದ್ಯದ ಆಟದಲ್ಲೇ ಹೀಗಾದರೆ 14 ಪಂದ್ಯದ ಐಪಿಎಲ್ ಲೀಗಿನ ಗತಿ ಏನು? ಅದೇ ಬೇಸಿಗೆಯಲ್ಲಿ ನಮ್ಮ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಉಳಿದ ಆರನ್ನೂ ಗೆದ್ದು ಪ್ಲೇಆಫಿಗೆ ಹೋಯ್ತು. ಆ ಐಪಿಎಲ್ ಬ್ಯಾಚುಗಳ ಮಾದರಿಗಳು ಏಪ್ರಿಲ್‌ನಲ್ಲಿ ಏನು ಹೇಳಿದ್ದವೋ, ನಾವು ಕೇಳೋಕೆ ಹೋಗಲಿಲ್ಲ.

ಮಾರ್ಚ್ 27ರಂದು ಪಟ್ಟಿಯನ್ನು ಪ್ರಿಂಟ್ ತೆಗೆದು ರೂಮಿನ ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ್ವಿ. ಮಾರನೇ ದಿನ ಅಮೆರಿಕದಲ್ಲಿ ಸೀಸನ್ ಶುರು. (ಕಟ್ಟುನಿಟ್ಟಾಗಿ ನೋಡಿದರೆ ಡಾಡ್ಜರ್ಸ್ ಮತ್ತು ಪಾದ್ರೇಸ್ ಆಗಲೇ ಸೋಲ್‌ಗೆ ಹೋಗಿ ಎರಡು ಪಂದ್ಯ ಆಡಿ, ಒಂದೊಂದು ಗೆದ್ದು ಬಂದಿದ್ದರು.) ಅಂಟಿಸಿದ ಮೇಲೆ ಕಡೂರು ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಸಾಲಿನ ಪಕ್ಕ ಏನೋ ಬರೆದ. ಸ್ಯಾನ್ ಡಿಯಾಗೋ ಪಾದ್ರೇಸ್, ನಮ್ಮ ಲೆಕ್ಕ 87, ಪಕ್ಕದಲ್ಲಿ ಅವನ 93.

ಪಾದ್ರೇಸ್ ಕಥೆ ಸ್ವಲ್ಪ ಹೇಳಲೇಬೇಕು. 2023ರಲ್ಲಿ ಅವರು 752 ರನ್ ಹೊಡೆದು 648 ಕೊಟ್ಟರು. ಸೂತ್ರದ ಪ್ರಕಾರ 93 ಗೆಲ್ಲಬೇಕಿತ್ತು. ಗೆದ್ದದ್ದು 82. ಒಂದೇ ರನ್ನಿನ ಅಂತರದ ಪಂದ್ಯಗಳಲ್ಲಿ 9 ಗೆದ್ದು 23 ಸೋತಿದ್ದರು. ಅದೇ ವರ್ಷ ಮಯಾಮಿ ಮಾರ್ಲಿನ್ಸ್ 666 ಹೊಡೆದು 723 ಕೊಟ್ಟೂ 84 ಗೆದ್ದರು, ಒಂದು ರನ್ನಿನ ಪಂದ್ಯಗಳಲ್ಲಿ 33 ಗೆಲುವು, 14 ಸೋಲು. ಅಂಕಪಟ್ಟಿ ನೋಡಿದರೆ ಮಾರ್ಲಿನ್ಸ್ ಮುಂದೆ. ರನ್ ನೋಡಿದರೆ ಪಾದ್ರೇಸ್ ಎಷ್ಟೋ ಮುಂದೆ. ಅದರ ಮೇಲೆ ಪಾದ್ರೇಸ್ ಡಿಸೆಂಬರಿನಲ್ಲಿ ತಮ್ಮ ದೊಡ್ಡ ಬ್ಯಾಟರ್ ಹ್ವಾನ್ ಸೋಟೋನನ್ನು ಯಾಂಕೀಸ್‌ಗೆ ಕೊಟ್ಟುಬಿಟ್ಟಿದ್ದರು. ನಮ್ಮ ಮಾದರಿಗೆ ಅದೂ ಗೊತ್ತಿಲ್ಲ, ಅದಕ್ಕೆ ತಂಡಗಳ ಹೆಸರು ಮಾತ್ರ ಗೊತ್ತು, ಮನುಷ್ಯರದ್ದು ಗೊತ್ತಿಲ್ಲ.

ಮೇ ತಿಂಗಳ ಫೈನಲ್ ರಿವ್ಯೂನಲ್ಲಿ ನಾವು ಹಳೆಯ ಸ್ಲೈಡನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಮೊದಲು ತೋರಿಸಿದ್ದು ತಪ್ಪು ಅಂತ ಹೇಳಿದ್ವಿ. ಹೇಳಿದವನು ಕಡೂರು, ನಾವು ಪಕ್ಕದಲ್ಲಿ ನಿಂತಿದ್ವಿ. "ಇಷ್ಟು ಎರರ್ ಇದ್ರೆ ಉಪಯೋಗ ಏನಪ್ಪಾ?" ಅಂತ ಒಬ್ಬ ಸರ್ ಕೇಳಿದರು. ನಾಣ್ಯದ ಪ್ರೋಗ್ರಾಂ ತೋರಿಸಿದ್ವಿ. ಅವರು ಗಡಿಯಾರ ನೋಡಿದರು. ಮೇಡಂ ಮಾತ್ರ ಹೊರಗೆ ಬಂದು, "ನಾನೇ ಹಿಡೀಬೇಕಿತ್ತು" ಅಂದು ಹೋದರು. ಅಂಕ ಬಂತು. ನಮಗಿಂತ ಎಲ್ಲ ಐಪಿಎಲ್ ಬ್ಯಾಚುಗಳಿಗೂ ಜಾಸ್ತಿ.

ಆಗಸ್ಟಿನಲ್ಲಿ ಮೊದಲ ಕಂಪನಿ ಬಂದಾಗ ಪಟ್ಟಿಯಲ್ಲಿ ನಮ್ಮ ಮೂವರ ಹೆಸರಿತ್ತು. ಅವನದಿರಲಿಲ್ಲ. ಆ ಅಂಕಗಳು ಬಂದಿದ್ದರೆ ಗೆರೆ ದಾಟುತ್ತಿದ್ದನಾ ಅಂತ ನಾವು ಲೆಕ್ಕ ಹಾಕಿ ನೋಡಲಿಲ್ಲ. ಅವನು ಹಾಕಿರ್ತಾನೆ.

ಸೀಸನ್ ಮಾತ್ರ ನಮ್ಮನ್ನು ಕೇಳದೆ ನಡೀತಾ ಇತ್ತು. ಒಂದೇ ಡಿವಿಷನ್ನಿನ ಎರಡು ತಂಡಗಳಿಗೆ ನಾವು ಹತ್ತಿರ ಹತ್ತಿರದ ಭವಿಷ್ಯ ಬರೆದಿದ್ವಿ. ಶಿಕಾಗೋ ವೈಟ್ ಸಾಕ್ಸ್‌ಗೆ 70, ರಾಯಲ್ಸ್‌ಗೆ 72. ಎರಡೂ 2023ರಲ್ಲಿ ನೂರಕ್ಕಿಂತ ಹೆಚ್ಚು ಪಂದ್ಯ ಸೋತವು, ನಮ್ಮ ಕಂಪ್ಯೂಟರಿಗೆ ಎರಡೂ ಒಂದೇ. ರಾಯಲ್ಸ್‌ನವರು ಚಳಿಗಾಲದಲ್ಲಿ ಸೆತ್ ಲೂಗೋ, ಮೈಕೆಲ್ ವಾಕಾ ಎಂಬ ಪಿಚರ್‌ಗಳನ್ನು ತಂದರು. ಅವರ ಹುಡುಗ ಬಾಬಿ ವಿಟ್ 0.332 ಸರಾಸರಿಯಲ್ಲಿ ಹೊಡೆದು ಮೇಜರ್ ಲೀಗಿಗೇ ಮೊದಲಿಗನಾದ. 86 ಗೆದ್ದರು. ವೈಟ್ ಸಾಕ್ಸ್ ತಮ್ಮ ಒಳ್ಳೆಯ ಪಿಚರ್ ಡಿಲನ್ ಸೀಸ್‌ನನ್ನು ಸೀಸನ್ ಶುರುವಾಗುವ ಎರಡು ವಾರ ಮೊದಲು ಮಾರಿದರು, ಮಧ್ಯೆ ಸತತ 21 ಪಂದ್ಯ ಸೋತರು, ಕೊನೆಗೆ 41 ಗೆದ್ದು 121 ಸೋತರು. 1962ರ ಮೆಟ್ಸ್‌ನ 120 ಸೋಲಿನ ದಾಖಲೆಯೂ ಹೋಯ್ತು. ಮಾರ್ಲಿನ್ಸ್‌ಗೆ ಇಳಿಯುತ್ತಾರೆ ಅಂತ 78 ಕೊಟ್ಟಿದ್ವಿ, ಅವರು ಇಳಿದು 62ಕ್ಕೆ ಬಂದರು. ದಿಕ್ಕು ಸರಿ, ಆಳ ಗೊತ್ತಾಗಿರಲಿಲ್ಲ.

ಸೆಪ್ಟೆಂಬರ್ 30ರ ಬೆಳಿಗ್ಗೆ ನಾಲ್ವರೂ ಬೀರುವಿನ ಮುಂದೆ ನಿಂತು, ಒಬ್ಬರು ಫೋನ್ ನೋಡಿ ಓದೋದು, ಒಬ್ಬರು ಬರೆಯೋದು ಮಾಡಿದ್ವಿ. ಅಷ್ಟು ಹೊತ್ತಿಗೆ ಕಡೂರಿಗೂ ಒಂದು ಕಡೆ ಇಂಟರ್‌ವ್ಯೂ ಕರೆ ಬಂದಿತ್ತು, ಮುಂದಿನ ವಾರಕ್ಕೆ. ಪಾದ್ರೇಸ್ ಸಾಲು ಬಂತು. 93 ಗೆಲುವು, 69 ಸೋಲು.

"ಲೋ ಕಡೂರು, ಹೆಂಗೋ?"

"ಸುಮ್ನೆ ಬರೆದೆ ಕಣ್ರೋ. ಅವ್ರನ್ನ ಎಳೆಯೋದು ಬೇಡ ಅನ್ನಿಸ್ತು."

ಸೀಸ್ ಪಾದ್ರೇಸ್‌ಗೇ ಹೋದದ್ದು ಅವನಿಗೆ ಮಾರ್ಚಿನಲ್ಲೇ ಗೊತ್ತಿತ್ತಾ ಅಂತ ಕೇಳಿದ್ವಿ. ನಕ್ಕ. ಆರು ಪಂದ್ಯ ಆಚೀಚೆ ಆಗೋದು ಮಾಮೂಲು, 87 ಆಗಬಹುದಿತ್ತು, 99 ಕೂಡ ಆಗಬಹುದಿತ್ತು ಅಂತ ಅವನದೇ ನಾಣ್ಯದ ಪ್ರೋಗ್ರಾಂ ನೆನಪಿಸಿ ಅವನನ್ನ ಕಾಲೆಳೆದ್ವಿ. "ಆಗಬಹುದಿತ್ತು" ಅಂತ ಅವನೂ ಒಪ್ಪಿಕೊಂಡ. ಪಟ್ಟಿ ಇನ್ನೂ ಬೀರುವಿನಲ್ಲೇ ಇದೆ, ಪೆನ್ಸಿಲ್ ಗುರುತನ್ನ ಯಾರೂ ಅಳಿಸಿಲ್ಲ.