ಅದು ಕೂಗುತ್ತದೆಯೇ, ಮೊದಲು ಕೇಳಿ

ಪ್ರಿಯ ಓದುಗ ಮಿತ್ರರಿಗೆ,

ನಿಮ್ಮ ಕಾಗದ ತಲುಪಿತು. ಅಣ್ಣನ ಮನೆಯ ಅಟ್ಟದಲ್ಲಿ ಹತ್ತು ವರ್ಷ ಬಿದ್ದಿದ್ದ ಕಂಪ್ಯೂಟರನ್ನು ಇಳಿಸಿ ತಂದಿದ್ದೀರಿ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಅಂಗಡಿಯವರು ಪೆಟ್ಟಿಗೆ ಬಿಚ್ಚದೆಯೇ "ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ" ಅಂದರಂತೆ. ಆ ಮಾತನ್ನು ನಾನು ಒಪ್ಪಲಾರೆ. ಬಿಚ್ಚಿ ನೋಡದೆ ಹಾಗೆ ಹೇಳಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮೂರಿನ ಕಚೇರಿಯೊಂದು ಹೊರಗೆ ಹಾಕಿದ್ದ ಕೋರ್ 2 ಡ್ಯುವೋ ಯಂತ್ರ ನನ್ನ ಕೈಗೆ ಬಂತು. ಅದಕ್ಕೂ ಇದೇ ಕಾಯಿಲೆ. ಈಗ ನಾನು ಈ ಪತ್ರ ಟೈಪ್ ಮಾಡುತ್ತಿರುವುದು ಅದರಲ್ಲೇ. ಹಾಗಾಗಿ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ತಂತಿಯೇ ಗೋಡೆಯಿಂದ ಹೊರಗಿರಬೇಕು. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿದುಹೋಗಲಿ. ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಎಸ್‌ಎಂಪಿಎಸ್ ಎಂಬ, ವಿದ್ಯುತ್ ಪೂರೈಸುವ ಆ ತಗಡಿನ ಡಬ್ಬಿಯನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಮಕ್ಕಳು ಹತ್ತಿರ ಇದ್ದರೆ ಅವರಿಗೂ ಹೇಳಿಡಿ.

ಪಕ್ಕದ ಬಾಗಿಲು ತೆಗೆದ ಕೂಡಲೇ ಧೂಳು ಕಾಣುತ್ತದೆ. ಒಣಗಿದ ಮೆತ್ತನೆಯ ಬ್ರಷ್ ಸಾಕು. ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಅದು ಮಿತಿಮೀರಿ ತಿರುಗಬಾರದು. ಧೂಳು ಸರಿದ ಮೇಲೆ ಟಾರ್ಚ್ ಹಿಡಿದು ಮದರ್‌ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಪುಟ್ಟ ಕೊಳವೆಗಳನ್ನು ನೋಡಿ. ಅವು ಕೆಪ್ಯಾಸಿಟರ್‌ಗಳು. ತಲೆ ಚಪ್ಪಟೆಯಾಗಿದ್ದರೆ ಒಳ್ಳೆಯದು. ಪೂರಿಯಂತೆ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಕೆಟ್ಟಿದೆ ಎಂದೇ ಅರ್ಥ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಎಷ್ಟೋ ಬೋರ್ಡುಗಳಲ್ಲಿ ಒಳಗಿನ ದ್ರಾವಣವೇ ಸರಿಯಿಲ್ಲದ ಕೆಪ್ಯಾಸಿಟರ್‌ಗಳು ಸೇರಿಕೊಂಡು, ಇಡೀ ಜಗತ್ತಿನಲ್ಲಿ ಯಂತ್ರಗಳು ಅಕಾಲದಲ್ಲಿ ಸತ್ತವು. ಬೆಸುಗೆ ಬಲ್ಲವರು ಇವನ್ನು ಬದಲಾಯಿಸಿಕೊಡುತ್ತಾರೆ.

ಉಬ್ಬಿಲ್ಲವೇ? ಹಾಗಾದರೆ ನಿಜವಾದ ಪರೀಕ್ಷೆಗೆ ಬನ್ನಿ. ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್ ಎರಡರ ತಂತಿ ಕಳಚಿ, ಸಿಕ್ಕಿಸಿದ ಕಾರ್ಡುಗಳನ್ನು ತೆಗೆಯಿರಿ. ರ್ಯಾಮ್ ಪಟ್ಟಿಗಳನ್ನೂ ತೆಗೆಯಿರಿ. ಪ್ರೊಸೆಸರ್, ಅದರ ಫ್ಯಾನ್, ಎಸ್‌ಎಂಪಿಎಸ್ ಇಷ್ಟೇ ಇರಲಿ. ಈಗ ಪ್ಲಗ್ ಹಾಕಿ ಗುಂಡಿ ಒತ್ತಿ, ಕಿವಿಗೊಡಿ. ರ್ಯಾಮ್ ಇಲ್ಲದ ಯಂತ್ರ ಹೊಟ್ಟೆಗಿಲ್ಲದ ಮಗುವಿನಂತೆ ಬೀಪ್ ಬೀಪ್ ಎಂದು ಕೂಗಬೇಕು. ಕೂಗಿತೋ, ಬೋರ್ಡು ಮತ್ತು ಪ್ರೊಸೆಸರ್ ಎರಡಕ್ಕೂ ಜೀವವಿದೆ. ಕೆಲವು ಪೆಟ್ಟಿಗೆಗಳಲ್ಲಿ ಸ್ಪೀಕರ್ ಇರುವುದಿಲ್ಲ. ಬೋರ್ಡಿನ ‘ಸ್ಪೀಕರ್’ ಎಂದು ಬರೆದ ಪಿನ್ನುಗಳಿಗೆ ಸಿಕ್ಕಿಸುವ ಬೆರಳುಗುರಿನಷ್ಟು ಸ್ಪೀಕರ್ ಸಿಗುತ್ತದೆ, ತಂದಿಟ್ಟುಕೊಳ್ಳಿ. ನನ್ನ ಯಂತ್ರ ಮೊದಲ ಸಲ ಕೂಗಿದಾಗ ರಾತ್ರಿ ಹನ್ನೊಂದು ಗಂಟೆ. ಮನೆಯವರನ್ನೆಲ್ಲ ಎಬ್ಬಿಸಿ ಕೇಳಿಸಿದೆ.

ಇನ್ನು ರಬ್ಬರ್. ಮೊದಲು ಪ್ಲಗ್ ಮತ್ತೆ ಕಿತ್ತುಬಿಡಿ. ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ಬಿಳಿಯ ರಬ್ಬರಿನಿಂದ ರ್ಯಾಮ್ ಪಟ್ಟಿಯ ಹೊಂಬಣ್ಣದ ಅಂಚನ್ನು ಹಗುರವಾಗಿ ಉಜ್ಜಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಕಣ್ಣಿಗೆ ಕಾಣದ ಪೊರೆ ಕೂತಿರುತ್ತದೆ, ವಿದ್ಯುತ್ತಿಗೆ ಅದೇ ಅಡ್ಡಗೋಡೆ. ರಬ್ಬರಿನ ಪುಡಿ ಪೂರ್ತಿ ಒರೆಸಿ, ಒಂದೇ ಒಂದು ಪಟ್ಟಿಯನ್ನು ಎರಡೂ ಕಡೆ ಕ್ಲಿಪ್ ಟಕ್ಕೆನ್ನುವ ತನಕ ಒತ್ತಿ. ಮುಟ್ಟುವ ಮುಂಚೆ ಪೆಟ್ಟಿಗೆಯ ಬರಿ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಾಯಿ ವಿದ್ಯುತ್ ಇಳಿಯಲಿ. ಒಂದು ಪಟ್ಟಿ, ಒಂದು ಸ್ಲಾಟ್, ಒಂದು ಸಲ. ಹೀಗೆ ಪ್ರತಿ ಪಟ್ಟಿಯನ್ನೂ ಪ್ರತಿ ಸ್ಲಾಟಿನಲ್ಲೂ ನೋಡಬೇಕು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಕೊನೆಗೂ ತಿಳಿಯುವುದಿಲ್ಲ. ನನ್ನ ಯಂತ್ರದ ಕಪ್ಪು ಪರದೆಗೆ ಕಾರಣ ರ್ಯಾಮ್ ಅಂಚಿನ ಆ ಪೊರೆಯೇ ಆಗಿತ್ತು.

ಪರದೆ ಬೆಳಗಿದಾಗ ದಿನಾಂಕ ತಪ್ಪಾಗಿದೆ ಎಂದು ದೂರು ಬರಬಹುದು. ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿ. ಹೊಸತಾದರೆ 3 ವೋಲ್ಟ್ ತೋರಿಸುತ್ತದೆ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ಹಿಂದಿದ್ದರೆ ಬ್ರೌಸರು ಜಾಲತಾಣಗಳ ಭದ್ರತಾ ಪತ್ರಗಳನ್ನು ನಂಬುವುದಿಲ್ಲ. ಇಂಟರ್ನೆಟ್ಟೇ ಕೆಟ್ಟಿದೆ ಎಂದು ಎಷ್ಟೋ ಜನ ತಿಳಿಯುತ್ತಾರೆ.

ಹತ್ತು ನಿಮಿಷ ಓಡಿ ಪಟ್ಟನೆ ಆರಿದರೆ ಶಾಖದ ಕಡೆ ಅನುಮಾನಪಡಿ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಆರುತ್ತದೆ. ಆ ಕಾಲದ ಇಂಟೆಲ್ ಕೂಲರುಗಳನ್ನು ನಾಲ್ಕು ಪ್ಲಾಸ್ಟಿಕ್ ಮೊಳೆಗಳು ಹಿಡಿದಿರುತ್ತವೆ, ಒಂದು ಸಡಿಲವಾದರೂ ಸಾಕು. ನನ್ನದರಲ್ಲಿ ಒಂದು ಮೇಲೆದ್ದಿತ್ತು, ಥರ್ಮಲ್ ಪೇಸ್ಟ್ ಸುಣ್ಣದಂತೆ ಒಣಗಿತ್ತು. ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಅಂದಿನಿಂದ ಅದು ತಾನಾಗಿ ಆರಿಲ್ಲ.

ಯಂತ್ರ ಎದ್ದ ಮೇಲೆ ಆತುರದಲ್ಲಿ ಡಿಸ್ಕ್ ಅಳಿಸಿಬಿಡಬೇಡಿ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಅಂಥ ಕಂಪ್ಯೂಟರುಗಳಲ್ಲಿ ಕನ್ನಡ ಬರೆದವರು ನುಡಿ ಇಲ್ಲವೇ ಬರಹ ಎಂಬ ತಂತ್ರಾಂಶದಲ್ಲಿ ಬರೆದಿರುತ್ತಾರೆ: ಅಜ್ಜಿ ಹೇಳಿದ ಹಾಡು, ಸಂಘದ ಸ್ಮರಣ ಸಂಚಿಕೆ, ಪೂರ್ತಿಯಾಗದ ಕಾದಂಬರಿ. ಯೂನಿಕೋಡ್ ಬಳಸದ ಆ ಫೈಲುಗಳು ಇಂದಿನ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಕಸವೆಂದು ಅಳಿಸಿದವರನ್ನು ಬಲ್ಲೆ, ಆ ಬರಹ ಮತ್ತೆಲ್ಲೂ ಇರಲಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಮುಖ್ಯ ಫೈಲುಗಳಿದ್ದರೆ ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ.

ಖರ್ಚಿಗೆ ಮಿತಿ ಹಾಕಿಕೊಳ್ಳಿ, ಮೂಗಿಗಿಂತ ಮೂಗುತಿ ಭಾರವಾಗಬಾರದು. ಹಳೆಯ ಡಿಡಿಆರ್2 ರ್ಯಾಮ್ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಎಸ್‌ಎಂಪಿಎಸ್ ಸತ್ತಿದ್ದರೆ ಬದಲಿಸಿ, ಬೋರ್ಡೇ ಹೋಗಿದ್ದರೆ ಬಿಟ್ಟುಬಿಡಿ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಭದ್ರತಾ ಬೆಂಬಲ ನಿಂತಿದೆ, ಅದನ್ನಿಟ್ಟುಕೊಂಡು ಇಂಟರ್ನೆಟ್‌ಗೆ ಹೋಗಬೇಡಿ. ಫೈಲುಗಳನ್ನೆಲ್ಲ ಹೊರಗೆ ನಕಲು ಮಾಡಿಕೊಂಡ ಮೇಲೆ ಹಗುರವಾದ ಲಿನಕ್ಸ್ ಹಾಕಿ. ಕೋರ್ 2 ಡ್ಯುವೋ 64 ಬಿಟ್ಟಿನದು, 4 ಜಿಬಿ ರ್ಯಾಮ್ ಇದ್ದರೆ ಓದು, ಬರಹಕ್ಕೆ ಧಾರಾಳ. ಯಾವುದೂ ಕೈಗೂಡದಿದ್ದರೆ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಹಳೆಯ ಬೋರ್ಡಿನ ಬೆಸುಗೆಯಲ್ಲಿ ಸೀಸವಿರಬಹುದು, ಅದು ಯಾರದೋ ಹಿತ್ತಲಲ್ಲಿ ಸುಡಬಾರದು.

ಈ ಭಾನುವಾರ ಬಿಡುವು ಮಾಡಿಕೊಂಡು ರ್ಯಾಮ್ ತೆಗೆದು ಗುಂಡಿ ಒತ್ತಿ ನೋಡಿ. ಬೀಪ್ ಬಂತೇ, ಉದ್ದವೋ ಗಿಡ್ಡವೋ, ಎಷ್ಟು ಎಂದು ಎಣಿಸಿ ಬರೆಯಿರಿ. ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನೂ ತಿಳಿಸಿ. ಕಾಯುತ್ತಿರುತ್ತೇನೆ.

ಇತಿ ನಿಮ್ಮ ಗೆಳೆಯ