ಬೋಗಾದಿ ರಸ್ತೆಯ ವಠಾರದಿಂದ

ಮೈಸೂರು
ಚೈತ್ರ ಮಾಸ, ಭಾನುವಾರ

ಪ್ರೀತಿಯ ಅಕ್ಕನಿಗೆ,

ಅಮ್ಮ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು “ಕೂಸು ಮಾತಾಡ್ತಾ?” ಎಂದೇ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಇದು. ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನು ನಡೆಯುತ್ತದೆ ಎಂದು ತಿಳಿದರೆ ಅವಳಿಗೇ ಉತ್ತರ ಸಿಗುತ್ತದೆ. ಅದಕ್ಕೇ ಉದ್ದಕ್ಕೆ ಬರೆಯಲು ಕೂತಿದ್ದೇನೆ. ಮಧ್ಯಾಹ್ನದ ಹೊತ್ತು. ಕೂಸು ಮಲಗಿದೆ. ಮಾಣಿ ಜಗಲಿಯಲ್ಲಿ ರಟ್ಟು ಕತ್ತರಿಸುತ್ತ ಕೂತಿದ್ದಾನೆ.

ಬೋಗಾದಿ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ವಠಾರ. ಐದಾರು ಮನೆ, ನಡುವೆ ಅಂಗಳ, ಅಂಗಳದಲ್ಲೊಂದು ಹೊಂಗೆ ಮರ, ಮರದ ಬುಡದಲ್ಲಿ ನಲ್ಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಂದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆದು ಹೋಗುವಷ್ಟು ಹತ್ತಿರ. 1965ರಲ್ಲಿ ಶುರುವಾದ ಸಂಸ್ಥೆ, ಮಾನಸಗಂಗೋತ್ರಿಗೆ ತಾಗಿಕೊಂಡೇ ಇದೆ. ನಮ್ಮ ಕೂಸಿನ ಹಾಗೆ ಕಿವಿ ಕೇಳದ ಮಕ್ಕಳನ್ನು, ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಾಗೆ ಬಂದು ಬಾಡಿಗೆಗೆ ಮನೆ ಹಿಡಿದ ತಾಯಂದಿರೇ ನಮ್ಮ ವಠಾರದಲ್ಲಿ ಹೆಚ್ಚು. ಎದುರುಮನೆಯವಳು ಪಾಲಕ್ಕಾಡಿನವಳು, ಪಕ್ಕದ ಮನೆಯವಳು ಬೀದರ್ ಕಡೆಯವಳು. ಎಲ್ಲರ ಗಂಡಂದಿರೂ ಊರಲ್ಲಿ ದುಡಿಯುತ್ತಿದ್ದಾರೆ. ಇವರೂ ತೋಟಕ್ಕೆ ನೀರು ಬಿಡುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ತಾಳಗುಪ್ಪದಿಂದ ಕುವೆಂಪು ಎಕ್ಸ್‌ಪ್ರೆಸ್ ಹತ್ತಿ ಬರುತ್ತಾರೆ, ಒಂದು ರಾತ್ರಿ ಇದ್ದು ಹೋಗುತ್ತಾರೆ.

ಸಂಸ್ಥೆಯ ಪುಟ್ಟ ಮಕ್ಕಳ ಶಾಲೆಯಲ್ಲಿ ತಾಯಿಯೂ ಮಗುವಿನ ಜೊತೆ ಕೂತು ಕಲಿಯಬೇಕು. ಕನ್ನಡದವರಿಗೆ ಕನ್ನಡದಲ್ಲೇ, ಮಲಯಾಳದವರಿಗೆ ಮಲಯಾಳದಲ್ಲೇ ಪಾಠ. ನಿಜ ಹೇಳಬೇಕೆಂದರೆ ಟೀಚರು ಕೂಸಿಗಿಂತ ಹೆಚ್ಚು ನನಗೆ ಕಲಿಸುತ್ತಾರೆ. ಅಲ್ಲಿ ಕಳೆಯುವುದು ಕೆಲವೇ ಗಂಟೆ, ಮಿಕ್ಕ ಹೊತ್ತೆಲ್ಲ ಅವಳಿರುವುದು ನನ್ನ ಜೊತೆ. ಹಾಗಾಗಿ ಅಕ್ಕಿ ತೊಳೆಯುವುದು, ಸೊಪ್ಪು ಬಿಡಿಸುವುದು, ಬಟ್ಟೆ ಹರವುವುದು, ಯಾವುದನ್ನೂ ಬಾಯಿ ಮುಚ್ಚಿಕೊಂಡು ಮಾಡುವಂತಿಲ್ಲ. “ನೋಡು, ಡಬ್ಬಿ ತೆಗೆದೆ. ಡಬ್ಬಿಯೊಳಗೆ ಅಕ್ಕಿ ಇದೆ. ಅಕ್ಕಿ ಸುರಿಯೋಣ. ಇನ್ನೂ ಬೇಕಾ? ಸಾಕಾ?” ಹೀಗೆ ಇಡೀ ದಿನ. ಒಂದೇ ಮಾತನ್ನು ನೂರು ಸಲ, ಆದರೆ ನೂರು ಸಲವೂ ಕೆಲಸದ ಜೊತೆಗೇ. ಹೇಳಿದ ಮೇಲೆ ಸುಮ್ಮನೆ ಕಾಯಬೇಕು. ಹೇಳುವುದಕ್ಕಿಂತ ಈ ಕಾಯುವುದೇ ಕಷ್ಟ. ನಾವು ದೊಡ್ಡವರು ಮಗುವಿಗೆ ಉತ್ತರಿಸಲು ಪುರುಸೊತ್ತೇ ಕೊಡುವುದಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ಕಣ್ಣಿಗೆ ಬಿತ್ತು. ಕೇಳುವ ಕಿವಿಯಿರುವ ಮಕ್ಕಳಿಗೂ ಮೊಬೈಲ್ ಹಿಡಿಸಿ ಮೌನವಾಗಿ ತುತ್ತು ಇಡುವ ಮನೆಗಳನ್ನು ಕಂಡರೆ ಈಗ ಸಂಕಟವಾಗುತ್ತದೆ.

ಬೆಳಗಿನ ಕೆಲಸ ಹೇಳುತ್ತೇನೆ. ಕೂಸು ಎದ್ದ ಕೂಡಲೇ ಮುಖ ತೊಳೆಸಿ, ಕಿವಿ ಒರೆಸಿ, ಎರಡೂ ಕಿವಿಗೆ ಕೇಳುವ ಮಿಷನ್ ಹಾಕುತ್ತೇನೆ. ರಾತ್ರಿ ಅದನ್ನು ತೇವ ಹೀರುವ ಮಣಿಗಳಿರುವ ಡಬ್ಬಿಯಲ್ಲಿಡಬೇಕು. ಮೈಸೂರಿನ ಒಣ ಹವೆಯಲ್ಲಿ ಇದೇನೂ ದೊಡ್ಡ ಕೆಲಸವಲ್ಲ, ಆದರೆ ನಮ್ಮ ಸಾಗರದ ಆಷಾಢದ ಮಳೆಯಲ್ಲಿ ಹೇಗೆ ಕಾಪಾಡುವುದು ಎಂದು ಈಗಲೇ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಹೊಸ ಬ್ಯಾಟರಿಯ ಮೇಲಿನ ಚೀಟಿ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು, ಗಾಳಿ ಒಳಹೊಕ್ಕರೇ ಅದಕ್ಕೆ ಶಕ್ತಿ. ಮಕ್ಕಳು ನುಂಗಿದರೆ ಅಪಾಯ, ಅದಕ್ಕೆ ಹಳೆಯದೆಲ್ಲ ಮೇಲಿನ ಗೂಡಿನಲ್ಲಿ. ಕಿವಿಯೊಳಗೆ ಕೂರುವ ಅಚ್ಚನ್ನೂ ಆಗಾಗ ಹೊಸದಾಗಿ ಮಾಡಿಸಬೇಕು, ಕಿವಿ ಬೆಳೆದು ಅಚ್ಚು ಸಡಿಲವಾದರೆ ಮಿಷನ್ ಕುಂಯ್ ಎನ್ನುತ್ತದೆ.

ಆಮೇಲೆ ಆರು ಸದ್ದುಗಳ ಪರೀಕ್ಷೆ. ನನ್ನ ಬಾಯಿ ಕಾಣದಂತೆ ಅವಳ ಹಿಂದೆ ಕೂತು ಆ, ಊ, ಈ, ಶ್, ಸ್, ಮ್ ಎನ್ನುತ್ತೇನೆ. ಕೇಳಿಸಿದಾಗಲೆಲ್ಲ ಅವಳು ಬಟ್ಟಲಿಗೆ ಒಂದು ಮರದ ಮಣಿ ಹಾಕಬೇಕು. ಡೇನಿಯಲ್ ಲಿಂಗ್ ಎಂಬವರು ಕಂಡುಕೊಂಡ ಕ್ರಮವಿದು. ನಾವಾಡುವ ಮಾತಿನ ದಪ್ಪ ದನಿಯಿಂದ ತೀರ ಸಣ್ಣ ದನಿಯವರೆಗಿನ ಹರವೆಲ್ಲ ಈ ಆರರಲ್ಲೇ ಬಂದುಬಿಡುತ್ತದೆ. ಮ್, ಊ, ಆ ಅವಳಿಗೆ ಚೆನ್ನಾಗಿ ಸಿಗುತ್ತವೆ. ಶ್ ಈಚೆಗೆ ಸಿಗುತ್ತಿದೆ. ಸ್ ಮಾತ್ರ ತೀರ ಹತ್ತಿರದಿಂದ ಹೇಳಿದರೆ, ಅದೂ ಕೆಲವು ದಿನ.

ಈ ಕೆಲಸಕ್ಕೆ ವಸಂತದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ ಅಕ್ಕಾ. “ಮೊದಲು ಕೇಳಿಸಿ, ಆಮೇಲೆ ತೋರಿಸಿ” ಎನ್ನುತ್ತಾರೆ ಟೀಚರು. ಮನೆಯೊಳಗೆ ಅದು ಕಷ್ಟ, ಪಾತ್ರೆ ಬಿದ್ದರೆ ಸದ್ದಿಗೆ ಮೊದಲೇ ಪಾತ್ರೆ ಕಣ್ಣಿಗೆ ಬಿದ್ದಿರುತ್ತದೆ. ಕೋಗಿಲೆ ಹಾಗಲ್ಲ. ಹೊಂಗೆಯ ಹೊಸ ಎಲೆಗಳ ನಡುವೆ ಎಲ್ಲೋ ಕೂತು ಕೂಗುತ್ತದೆ, ಸುಲಭಕ್ಕೆ ಕಾಣಿಸಿಕೊಳ್ಳುವುದಿಲ್ಲ. ಕೂಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಕಿವಿ ಮುಟ್ಟಿಕೊಂಡು, “ಕೇಳು! ಕೇಳಿಸ್ತಾ? ಕೋಗಿಲೆ, ಕುಹೂ” ಎನ್ನುತ್ತಿದ್ದೆ. ಯುಗಾದಿಗೆ ಮೊದಲು ಶುರುಮಾಡಿದ್ದು, ಕೂಸು ನನ್ನ ಮುಖ ನೋಡುತ್ತಿತ್ತೇ ಹೊರತು ಮರ ನೋಡುತ್ತಿರಲಿಲ್ಲ. ರಾಮನವಮಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ನಲ್ಲಿಯ ಬಳಿ ಬಾಣಲೆ ಉಜ್ಜುತ್ತಿದ್ದೆ, ಕೂಸು ಕಟ್ಟೆಯ ಮೇಲೆ ಹೂವು ಆರಿಸುತ್ತಿತ್ತು. ಆರಿಸುವುದನ್ನು ನಿಲ್ಲಿಸಿ ಕಿವಿಯ ಮೇಲೆ ಕೈಯಿಟ್ಟುಕೊಂಡು ತಲೆ ಎತ್ತಿದಳು. “ಊ” ಎಂದಳು. ಉಜ್ಜುವ ಸದ್ದಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ಕೈ ತಡೆದು ಕಾದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಎದುರುಮನೆಯವಳು ಒಗೆಯುವ ಬಟ್ಟೆ ಬಿಟ್ಟು ಓಡಿ ಬಂದು ಅವಳನ್ನು ಎತ್ತಿಕೊಂಡಳು. ನನಗೆ ಮಲಯಾಳ ಬಾರದು, ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಇಬ್ಬರೂ ಅತ್ತೆವು. ಅಮ್ಮನಿಗೆ ಇದನ್ನು ಮೊದಲು ಹೇಳು.

ಹೊಂಗೆ ಹೂವು ಈಗ ಅಂಗಳದ ತುಂಬ ಪುರಿ ಚೆಲ್ಲಿದ ಹಾಗೆ ಉದುರಿ ಬಿದ್ದಿರುತ್ತದೆ. ಗುಡಿಸುವುದು ಮಕ್ಕಳ ಆಟ, ನಮಗೆ ಪಾಠ: ಗುಡಿಸು, ತುಂಬು, ಸುರಿ, ಮತ್ತೆ ತುಂಬು. ಯುಗಾದಿಯ ದಿನ ಎಣ್ಣೆಸ್ನಾನಕ್ಕೆ ಮಿಷನ್ ತೆಗೆದಿಟ್ಟೆ. ಅದಿಲ್ಲದಾಗ ಅವಳಿಗೆ ಏನೂ ಕೇಳದು, ಆ ಹೊತ್ತೆಲ್ಲ ಕೈ ಮತ್ತು ಮುಖದಲ್ಲೇ ನಮ್ಮ ಮಾತು. ಅದರಲ್ಲೂ ಒಂದು ಸುಖವಿದೆ. ಬೇವು ಬೆಲ್ಲ ಬಾಯಿಗಿಟ್ಟಾಗ ವಠಾರದ ಮಕ್ಕಳೆಲ್ಲ ಒಟ್ಟಿಗೆ ಮುಖ ಕಿವುಚಿದರು. ಕಹಿ ಎಂಬ ಮಾತನ್ನು ಬೇರೆ ದಿನ ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ, ಅವತ್ತು ಹತ್ತಿತು. ಅಂದಿನಿಂದ ಹಾಗಲಕಾಯಿಗೂ, ಔಷಧಿಗೂ ಅವಳು “ಕಯಿ” ಎಂದೇ ಕೈ ಅಡ್ಡ ಹಿಡಿಯುತ್ತಾಳೆ. ವಿಷುವಿನ ದಿನ ಎದುರುಮನೆಯವಳು ನಸುಕಿನಲ್ಲೇ ಬಂದು ಮಕ್ಕಳ ಕಣ್ಣು ಮುಚ್ಚಿ ಕರೆದೊಯ್ದಳು. ಮಾನಸಗಂಗೋತ್ರಿಯ ಕಡೆಯಿಂದ ತಂದ ಕಕ್ಕೆ ಹೂವು, ಸೌತೆಕಾಯಿ, ಕನ್ನಡಿ, ದೀಪ ಜೋಡಿಸಿ ಕಣಿ ಇಟ್ಟಿದ್ದಳು. ಕಣಿ ಕಂಡ ಮೇಲೆ ಪ್ರತಿ ಮಗುವಿನ ಕೈಗೂ ಒಂದು ನಾಣ್ಯ.

ಕೂಸಿನ ನಿದ್ದೆ ಚೆನ್ನಾಗಿ ಆಗಿದ್ದ ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ನಿತ್ಯ ಓಡಾಡುತ್ತಿದ್ದ ಏರಿ. ಈಗ ನೀರು ಕಡಿಮೆಯಾಗಿ ಹೆಜ್ಜಾರ್ಲೆಗಳು ದಡದ ಹತ್ತಿರವೇ ಕಾಣುತ್ತವೆ. ಏರಿಯ ಮೇಲಿನ ಒಣ ಎಲೆಗಳನ್ನು ತುಳಿದು ಸದ್ದು ಮಾಡುತ್ತ ನಡೆಯುವುದು ಕೂಸಿಗೆ ಬಲು ಇಷ್ಟ. ಗಾಳಿ ಜೋರಾದರೆ ಮಾತ್ರ ಮಿಷನ್ನಿನಲ್ಲಿ ಭರ್ ಎಂದು ಕೇಳಿ ಕಿತ್ತುಹಾಕುತ್ತಾಳೆ. ದೇವರಾಜ ಮಾರುಕಟ್ಟೆಯಲ್ಲೂ ಅದೇ ಕಷ್ಟ. ನಮ್ಮ ಕಿವಿ ಬೇಕಾದ ಮಾತನ್ನು ಆರಿಸಿಕೊಳ್ಳುತ್ತದೆ, ಮಿಷನ್ ಸುತ್ತಲಿನ ಗದ್ದಲವನ್ನೂ ಜೋರು ಮಾಡಿ ಕೊಡುತ್ತದೆ. ಹಾಗಾಗಿ ಮಲ್ಲಿಗೆ ಕೊಳ್ಳಲು ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಬಂದುಬಿಡುತ್ತೇವೆ.

ಮಾಣಿ ಪರೀಕ್ಷೆ ಮುಗಿಸಿ ಬಂದ ಮೇಲೆ ಮನೆಗೆ ಕಳೆ ಬಂದಿದೆ. ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿಸಿದ್ದೇನೆ. ಪ್ರತಿ ಬೇಸಿಗೆ ರಜೆಯಲ್ಲಿ ನಡೆಯುವ ಮಕ್ಕಳ ಶಿಬಿರ ಅದು. 1989ರಲ್ಲಿ ರಂಗಾಯಣ ಶುರುವಾದಾಗ ಬಿ.ವಿ. ಕಾರಂತರು ನಿರ್ದೇಶಕರಾಗಿದ್ದರಲ್ಲ, ಕಲ್ಲು, ಕಟ್ಟಿಗೆ, ಬಿದಿರು ಏನು ಸಿಕ್ಕಿದರೂ ಅದರಲ್ಲಿ ನಾದ ಹುಡುಕುತ್ತಿದ್ದವರು. ನಮ್ಮ ಮಾಣಿಯೂ ಅಲ್ಲಿಂದ ಬಂದವನೇ ಕಾಯಿ ಕರಟ, ಡಬ್ಬಿ, ಸೌಟು ಹಿಡಿದು ತಂಗಿಯ ಬೆನ್ನ ಹಿಂದೆ ಕೂರುತ್ತಾನೆ. ಒಂದನ್ನು ಬಾರಿಸುವುದು, ಯಾವುದೆಂದು ಅವಳು ತಿರುಗಿ ತೋರಿಸುವುದು. ನಾನು ಕೂತರೆ ಸಾಕಾಗಿ ಎದ್ದು ಹೋಗುವ ಕೂಸು ಅಣ್ಣ ಕೂತರೆ ಏಳುವುದೇ ಇಲ್ಲ. ಟೀಚರು ಅವನನ್ನೂ ಒಂದು ದಿನ ಕರೆತರಲು ಹೇಳಿದ್ದಾರೆ.

ಮೃಗಾಲಯಕ್ಕೂ ಹೋಗಿದ್ದೆವು. ಮಂಗಳವಾರ ರಜೆ, ಬೇರೆ ದಿನ ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಡಿಮೆ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಆದದ್ದು, ಮರಗಳ ನೆರಳು ಈ ಬಿಸಿಲಲ್ಲೂ ತಂಪು. ಜಿರಾಫೆಯ ಮುಂದೆ ಕೂಸು ಕಿವಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಳು, ಇಷ್ಟು ದೊಡ್ಡ ಪ್ರಾಣಿ ಏನಾದರೂ ಹೇಳೀತು ಎಂದು. ಅದು ಎಲೆ ಮೇಯುತ್ತಲೇ ಇತ್ತು. “ಇದು ಮಾತಾಡಲ್ಲ, ಬಾ” ಎಂದು ಮಾಣಿ ಎಳೆದರೂ ಬರಲಿಲ್ಲ. ರೈಲ್ವೆ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಪೂರಾ ಸಿಕ್ಕಿತು, ಪುಟಾಣಿ ರೈಲಿನ ಸೀಟಿಗೆ ನಮಗಿಂತ ಮೊದಲೇ ತಿರುಗಿದಳು. 1979ರಲ್ಲಿ ತೆರೆದ ಈ ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿಯವರ ರೈಲುಬೋಗಿ ಇದೆ. ಅಮ್ಮ ಬಂದರೆ ಅದನ್ನು ನೋಡಲೇಬೇಕು, ಒಳಗಿನ ಮರಗೆಲಸ ಅವಳಿಗೆ ಹಿಡಿಸುತ್ತದೆ.

ಮ್ಯೂಸಿಯಮ್ಮಿನ ಆಚೆಗೇ ಸಿಎಫ್‌ಟಿಆರ್‌ಐ, ಆಹಾರ ಸಂಶೋಧನೆಯ ಸಂಸ್ಥೆ. ನಾವು ಚಿಕ್ಕವರಿದ್ದಾಗ ಅಪ್ಪ ಪೇಟೆಯಿಂದ ತರುತ್ತಿದ್ದ ಅಮುಲ್ ಹಾಲುಪುಡಿ ಡಬ್ಬಿ ನೆನಪಿದೆಯಾ? ಎಮ್ಮೆಯ ಹಾಲಿನಿಂದ ಎಳೆ ಮಕ್ಕಳ ಆಹಾರ ಮಾಡುವ ವಿಧಾನವನ್ನು 1950ರ ದಶಕದಲ್ಲಿ ಕಂಡುಹಿಡಿದದ್ದು ಇಲ್ಲಿಯೇ. ಮನೆಯ ಯಜಮಾನಿ ಅಜ್ಜಿ ಮಾತ್ರ ರಾಗಿ ಸರಿಯ ಮುಂದೆ ಯಾವುದನ್ನೂ ಒಪ್ಪುವುದಿಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ತಾವೇ ಕೊಡುತ್ತಾರೆ. ಬೆಳಿಗ್ಗೆ ಅವರ ರೇಡಿಯೊ ತಪ್ಪುವುದಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದ ಊರಲ್ಲವೇ ಇದು. ಆದರೂ ನಮ್ಮ ಆರು ಸದ್ದುಗಳ ಹೊತ್ತಿಗೆ, ಯಾರೂ ಹೇಳದೆಯೇ, ಅಜ್ಜಿ ರೇಡಿಯೊ ಆರಿಸಿ ಕೂರುತ್ತಾರೆ.

ಈಗ ಮುಖ್ಯವಾದದ್ದು. ಚಿಕ್ಕಮ್ಮನ ಮಗಳು ಹೆತ್ತು ಹದಿನೈದು ದಿನವಾಯಿತು ಎಂದೆಯಲ್ಲ, ಮಗುವಿನ ಕಿವಿ ಪರೀಕ್ಷೆ ಮಾಡಿಸಲು ಹೇಳು. “ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ” ಎಂದು ಬಿಡುವುದು ಬೇಡ, ನಮ್ಮಲ್ಲೂ ಯಾರಿಗೂ ಇರಲಿಲ್ಲ. ಮಗು ಮಲಗಿದ್ದಾಗ ಕಿವಿಗೆ ಮೆತ್ತನೆಯ ತುದಿಯೊಂದನ್ನಿಟ್ಟು ನೋಡುತ್ತಾರೆ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಒಂದು ತಿಂಗಳೊಳಗೆ ಪರೀಕ್ಷೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಚಿಕಿತ್ಸೆ, ಇದು ಡಾಕ್ಟರುಗಳು ಹೇಳುವ ಲೆಕ್ಕ. ಮೊದಲ ವರ್ಷಗಳಲ್ಲಿ ಕೇಳಿದ್ದರ ಮೇಲೆಯೇ ಮಾತು ಕಟ್ಟಿಕೊಳ್ಳುವುದು. ಬಾಣಂತನ ಮುಗಿಯಲಿ ಎಂದು ಕಾಯಬೇಡಿ, ಶಿವಮೊಗ್ಗದಲ್ಲಿ ಎಲ್ಲಿ ಮಾಡುತ್ತಾರೆಂದು ಭಾವನೇ ವಿಚಾರಿಸಲಿ.

ವಿಡಿಯೊ ಕಾಲ್ ಮಾಡುವಾಗ ಮನೆಯ ಟಿವಿ ಆರಿಸಿ, ಒಬ್ಬೊಬ್ಬರೇ ಮಾತಾಡಿ. ಅಮ್ಮ ಕಿರುಚಿ ಮಾತಾಡುವುದು ಬೇಡ, ಕಿರುಚಿದರೆ ಕೂಸಿಗೆ ಮಾತು ಒಡೆದು ಕೇಳುತ್ತದೆ. ಮಾಮೂಲಿ ದನಿಯಲ್ಲಿ, ನಿಧಾನ, “ಕೂಸೇ, ಅಮ್ಮಮ್ಮ ಬಂದೆ” ಎಂದು ಹೇಳಿ ಕಾಯಲಿ. ತಿರುಗುತ್ತಾಳೆ.

ಅಪ್ಪೆಮಿಡಿ ಉಪ್ಪಿಗೆ ಹಾಕಿ ಆಯಿತಾ? ಇವರು ಮುಂದಿನ ಸಲ ಬರುವಾಗ ಒಂದು ಸಣ್ಣ ಭರಣಿ ಕೊಟ್ಟು ಕಳಿಸು, ಎದುರುಮನೆಯವಳಿಗೂ ಕೊಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ಕೂಸಿನ ಹಳೆಯ ಹತ್ತಿಯ ಲಂಗಗಳೂ ಕಪಾಟಿನ ಕೆಳಗಿನ ಖಾನೆಯಲ್ಲಿವೆ, ಈ ಬಿಸಿಲಿಗೆ ಬೇಕು. ಚಿಕ್ಕಮ್ಮನ ಮನೆಗೆ ನಾಳೆಯೇ ಫೋನ್ ಮಾಡು, ಶಿವಮೊಗ್ಗಕ್ಕೆ ಯಾವತ್ತು ಹೋಗುತ್ತಾರೆಂದು ನನಗೆ ತಿಳಿಸು.

ನಿನ್ನ ತಂಗಿ